ಮಳಖೇಡದವರೆಗೆ ಹಿಡಿದಿಟ್ಟ ಸೀಟು

ವಾಡಿ ಜಂಕ್ಷನ್ನಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೇಡಂ ಕಡೆಯ ಪ್ಯಾಸೆಂಜರ್ ರೈಲು ಹತ್ತಿದ ಕೂಡಲೇ ಲುಂಬಿನಿ ಕಿಟಕಿ ಪಕ್ಕದ ಸೀಟಿನ ಮೇಲೆ ತಮ್ಮ ಚೀಲ ಇಡುತ್ತಾರೆ. ಯಾರಾದರೂ ಕೇಳಿದರೆ, "ಮಂದಿ ಅದಾರ್ರಿ, ಮಳಖೇಡದಾಗ ಹತ್ತತಾರ" ಎನ್ನುತ್ತಾರೆ. ಹತ್ತಬೇಕಾದವಳು ಪ್ರೀತಿ, ಬಿ.ಕಾಂ ಎರಡನೇ ವರ್ಷದ ಹುಡುಗಿ. ದೀಪಾವಳಿ ಕಳೆದ ಮೇಲೆ ಅವಳು ಒಂದು ದಿನವೂ ಹತ್ತಿಲ್ಲ. ಆದರೂ ಚೀಲ ಅಲ್ಲೇ ಕೂರುತ್ತದೆ.

ರಾವೂರಿನ ಲುಂಬಿನಿಯವರಿಗೆ ನಲವತ್ತು ದಾಟಿದೆ. ಸೇಡಂ ಸುತ್ತಲಿನ ಹಳ್ಳಿಗಳಲ್ಲಿ ಅವರು ಬ್ಯಾಂಕ್ ಮಿತ್ರ. ಮನೆ ಬಾಗಿಲಿಗೇ ಹೋಗಿ, ಮುದುಕಿಯರ ಬೆರಳು ಒತ್ತಿಸಿಕೊಂಡು ಪಿಂಚಣಿ ಕೊಡುವ ಕೆಲಸ. ಅದು ಹೊಟ್ಟೆಪಾಡು. ಜೀವ ಇರುವುದು ಮಾತ್ರ ಈ ಬೋಗಿಯಲ್ಲಿ. ಕಾಲೇಜಿಗೆ ಹೊರಟ ಹುಡುಗ ಹುಡುಗಿಯರು ಅವರನ್ನು ಸುತ್ತುವರಿದು ಕೂತು, ಉಳಿಸುವುದು ಹೇಗೆ, ಉಳಿಸಿದ್ದನ್ನು ಬೆಳೆಸುವುದು ಹೇಗೆ ಎಂದು ಕಲಿಯುತ್ತಾರೆ. ಫೀಸಿಲ್ಲ, ಹಾಜರಿಯಿಲ್ಲ, ಪುಣ್ಯಕ್ಕೆ ಪರೀಕ್ಷೆಯೂ ಇಲ್ಲ.

ಚಿತ್ತಾಪುರದಲ್ಲಿ ಹತ್ತಿದ ಭೀಮು ಇವತ್ತು ಮೊಬೈಲು ಮುಂದೆ ಹಿಡಿಯುತ್ತಾನೆ. "ಅಕ್ಕಾ, ಇದ್ರಾಗ ಹಾಕಿದ್ರ ತಿಂಗಳಾಗ ಡಬಲ್ ಅಂತ!"

"ಅಷ್ಟು ಸರಳ ಇದ್ರ ಅಂವ ನಿನಗ್ಯಾಕ ಕರೀತಾನೋ ತಮ್ಮಾ? ತಾನ ಮಾಡ್ಕೊಂಡು ಸುಮ್ಮ ಕುಂದರ್ತಿದ್ದಿಲ್ಲೇನು?"

ಬೋಗಿಯೆಲ್ಲ ನಗುತ್ತದೆ. ಎದುರು ಕೂತ ನಗ್ಮಾಗೆ ಮಾತ್ರ ನಗು ಬರುತ್ತಿಲ್ಲ. ಅವಳು ಹಣ ಹಾಕಿದ ಮ್ಯೂಚುವಲ್ ಫಂಡು ಈ ವಾರ ಇಳಿದಿದೆ, ತೆಗೆದುಬಿಡಲೇ ಎಂಬ ಚಿಂತೆ.

"ತೊಗರಿ ಬಿತ್ತಿದ ಮರುದಿನಾನೇ ನೆಲ ಕೆದರಿ ನೋಡ್ತಾರೇನವ್ವ? ಏರತದ, ಇಳೀತದ. ಅದಕ್ಕ ಹೇಳಾಕತ್ತೀನಿ, ಐದಾರು ವರ್ಷ ಕೈ ಹಚ್ಚದ ರೊಕ್ಕ ಅಷ್ಟೇ ಅಲ್ಲಿ ಹಾಕ್ರಿ. ದವಾಖಾನಿ ರೊಕ್ಕ ಬ್ಯಾಂಕಿನಾಗೇ ಇರ್ಲಿ."

ಇಷ್ಟು ಬಲ್ಲ ಲುಂಬಿನಿ ಬಿ.ಕಾಂ ಮುಗಿಸಿದವರಲ್ಲ. ತಂದೆ ರಾಮಲಿಂಗ ರಾವೂರಿನ ಕಲ್ಲು ಗಣಿಯಲ್ಲಿ ದುಡಿದವರು. ಮಗಳ ವಿದ್ಯಾರ್ಥಿವೇತನದ ಪಾಸ್‌ಬುಕ್ಕು ಅವರ ಟ್ರಂಕಿನಲ್ಲೇ ಇರುತ್ತಿತ್ತು. ಅಣ್ಣನ ಮದುವೆಯಲ್ಲಿ ಆ ಹಣವೂ ಕರಗಿತು, ಕಾಲೇಜೂ ನಿಂತಿತು. "ಅಪ್ಪಂದು ತಪ್ಪಿಲ್ರಿ. ಕೇಳಿದ್ರ ಕೊಡ್ತಿದ್ದ, ನಾ ಕೇಳಲೇ ಇಲ್ಲ. ಅದು ನನ್ನ ರೊಕ್ಕ ಅಂತನೇ ಗೊತ್ತಿದ್ದಿಲ್ಲ" ಎನ್ನುತ್ತಾರೆ. "ಕಾಲೇಜ ಬಿಟ್ಟಾಗ ನನ್ನ ಸೀಟು ಯಾರೂ ಹಿಡೀಲಿಲ್ಲ" ಎಂದು ಸೇರಿಸುತ್ತಾರೆ.

ಅದಕ್ಕೇ ಇರಬೇಕು, ಅವರ ಮೊದಲ ಪಾಠ ಒಂದೇ: ಖಾತೆಗೆ ನಿಮ್ಮದೇ ಮೊಬೈಲ್ ನಂಬರ್ ಇರಲಿ. ಈ ಸೀಮೆಯ ಹೆಣ್ಣುಮಕ್ಕಳ ಖಾತೆಗೆಲ್ಲ ಅಪ್ಪನದೋ ಅಣ್ಣನದೋ ನಂಬರು. ಪ್ರೀತಿ ಪಾಠ ಕೇಳಿದವಳೇ ಮನೆಯಲ್ಲಿ ಹೇಳದೆ ನಂಬರ್ ಬದಲಿಸಿದಳು. ಎಡವಟ್ಟಾದದ್ದು ಅಲ್ಲೇ.

ಅವಳಪ್ಪ ದೇವೀಂದ್ರಪ್ಪ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೂಲಿ, ಓದು ಬರದವರು. ಮಗಳ ವಿದ್ಯಾರ್ಥಿವೇತನದ ಮೆಸೇಜು ಬಂದರೆ ಚಹಾದಂಗಡಿಗೆ ಓಡಿ, ನಾಲ್ಕು ಜನರ ಎದುರು ಓದಿಸಿ, ಎಲ್ಲರಿಗೂ ಚಹಾ ಕುಡಿಸುವುದು ಅವರ ರೂಢಿ. ಈ ಸಲ ಮೆಸೇಜು ಬರಲಿಲ್ಲ. ವಿಷಯ ತಿಳಿದಾಗ, "ಮನ್ಯಾಗ ಮುಚ್ಚಿಡೋದು ಕಲಿಸೋ ಗಾಡಿ ಹತ್ತಬ್ಯಾಡ" ಎಂದುಬಿಟ್ಟರು. ಅವಳ ಕಾಲೇಜೂ ಅಲ್ಲಿಗೇ ನಿಂತಿತು.

ಲುಂಬಿನಿ ಅವರ ಮನೆಗೆ ಹೋಗಿ ಬಂದಿದ್ದಾರೆ. "ತಪ್ಪು ನಂದೇ ರೀ. ನಂಬರ್ ಬದಲಿ ಮಾಡ್ರಿ ಅಂದೆ, ಅಪ್ಪಗ ಹೇಳಿ ಮಾಡ್ರಿ ಅನ್ನಲಿಲ್ಲ." ದೇವೀಂದ್ರಪ್ಪ ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಪ್ರೀತಿಯ ಮುಖ ಲುಂಬಿನಿಯವರ ಕಣ್ಣಿಂದ ಮರೆಯಾಗುತ್ತಿಲ್ಲ. ಈಗ ಯಾರೇ ಕಲಿಯಲು ಬಂದರೂ ಮೊದಲು ಅವರ ತಂದೆ ತಾಯಿಯ ಜೊತೆ ಮಾತು, ಆಮೇಲೆ ಪಾಠ.

ರೈಲು ಮಳಖೇಡಕ್ಕೆ ಬಂದು ನಿಲ್ಲುತ್ತದೆ. ಲುಂಬಿನಿ ಎಂದಿನಂತೆ ಕಿಟಕಿಯಿಂದ ಕತ್ತು ಚಾಚುತ್ತಾರೆ. ಪ್ರೀತಿ ಇಲ್ಲ. ಆದರೆ ರಾತ್ರಿ ಪಾಳಿ ಮುಗಿಸಿದ, ಸಿಮೆಂಟ್ ಧೂಳು ಇನ್ನೂ ತಲೆ ಮೇಲಿರುವ ಒಬ್ಬರು ಬೋಗಿ ಹತ್ತಿ ಅವರೆದುರು ನಿಲ್ಲುತ್ತಾರೆ. ದೇವೀಂದ್ರಪ್ಪ!

"ಕುಂದ್ರಲೇನ್ರಿ ಅಕ್ಕೋರೆ?"

ಲುಂಬಿನಿ ಗಡಬಡಿಸಿ ಚೀಲ ಎತ್ತಿಕೊಳ್ಳುತ್ತಾರೆ. "ಪ್ರೀತಿ ಬರ್ಲಿಲ್ರೀ?"

"ಮನ್ಯಾಗ ಅದಾಳ. ಭಾಳ ಅಳ್ತಾಳ್ರಿ. ಅದೇನು ಕಲಿಸ್ತೀರೋ ಮೊದಲ ನನಗ ತಿಳೀಲಿ. ತಿಳಿದ್ರ ಕಳಸ್ತೀನಿ."

ಹುಡುಗರು ಜಾಗ ಬಿಟ್ಟು ಒತ್ತಿ ಕೂರುತ್ತಾರೆ. ಲುಂಬಿನಿ ತೊಗರಿಯ ಮಾತನ್ನೇ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ದೇವೀಂದ್ರಪ್ಪ ಎರಡೂ ಕೈ ಮಂಡಿಯ ಮೇಲಿಟ್ಟು ಕೇಳುತ್ತಾರೆ, ನಡುನಡುವೆ ತಡೆದು ಪ್ರಶ್ನೆ ಹಾಕುತ್ತಾರೆ. ಸೇಡಂ ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಇಳಿದ ದೇವೀಂದ್ರಪ್ಪ ಬಂದ ದಾರಿಗೇ ತಿರುಗಿ, ಮಳಖೇಡದ ಬಸ್ಸು ಹುಡುಕುತ್ತ ಹೋಗುತ್ತಾರೆ. ಲುಂಬಿನಿ ಆ ಬೆನ್ನನ್ನೇ ನೋಡುತ್ತ ನಿಂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ನಾಳಿಂದ ಎರಡು ಸೀಟು ಹಿಡೀಬೇಕ್ರಿ, ಅಪ್ಪಗೊಂದು, ಮಗಳಿಗೊಂದು."