ಮೊಬೈಲು ಕಸಿದ ಗೌಂಡಿ ಅಜ್ಜ

ನಿಪ್ಪಾಣಿಯ ಹಳೆಯ ದೊಡ್ಡ ವಾಡೆ ಮನೆಯೊಂದನ್ನು ಕೆಡವದೆ ದುರಸ್ತಿ ಮಾಡುವ ಕೆಲಸಕ್ಕೆ ನಾನು ಎಂಜಿನಿಯರ್, ಅಂಕಲಿಯಿಂದ ಬರುತ್ತಿದ್ದ ಅಜ್ಜ ಗೌಂಡಿ, ಗಾರೆ ಕೆಲಸದವನು. ಅವನು ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ, ಒಳಗೆ ಯಾರೋ ಮಲಗಿದ್ದಾರೆ ಎಂಬಂತೆ ಪಿಸುಗುಡುತ್ತಿದ್ದ: “ತಡೀರಿ, ಏನೋ ಅನ್ನಾಕತ್ತೈತಿ.” ನಾನು ನಗುತ್ತಿದ್ದೆ. ಅವನೂ ನಗುತ್ತಿದ್ದ, ನನ್ನನ್ನು ನೋಡಿ.

ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿನ ಕಮಾನಿನ ಕೆಳಗೆ ನಿಂತು ಬಿರುಕಿನ ಫೋಟೊ ತೆಗೆಯುತ್ತಿದ್ದೆ. ಪಕ್ಕದಲ್ಲೇ ಗೋಡೆಗೆ ಕಿವಿ ಹಚ್ಚಿದ್ದ ಅಜ್ಜ ಥಟ್ಟನೆ ನನ್ನ ಮೊಬೈಲು ಕಸಿದುಕೊಂಡು ಅಂಗಳಕ್ಕೆ ಓಡಿದ.

“ಲೇ ಮುದುಕಾ, ಕೊಡಲೇ ಅದನ್ನ” ಎಂದು ಬೆನ್ನಟ್ಟಿದೆ. ಅಂಗಳದ ನಡುವೆ ಅವನ ಅಂಗಿ ಕೈಗೆ ಸಿಕ್ಕಿತು. ಅಷ್ಟರಲ್ಲಿ ಹಿಂದೆ ಇಡೀ ಕಮಾನು ನೆಲಕ್ಕೆ ಬಿತ್ತು.

ಧೂಳಿನೊಳಗೆ ಅಜ್ಜ ಮೊಬೈಲಿಗೆ ಮೆತ್ತಿದ್ದ ಗಾರೆಯನ್ನು ಧೋತರದಿಂದ ಒರೆಸುತ್ತಿದ್ದ.

“ಓಡ್ರಿ ಅಂತ ಒದರಬೇಕಿತ್ತಲ್ಲ, ಅಜ್ಜಾ” ಎಂದೆ.

“ಒದರಿದ್ರ ‘ಯಾಕ’ ಅಂತ ಕೇಳ್ತಿದ್ರಿ, ಸಾಹೇಬ್ರ. ಕಲತವರು. ನಾ ಹೇಳೂತನಕ ಕಮಾನ ಕಾಯತಿದ್ದಿಲ್ರಿ. ಈಗರೆ ನನ್ನ ಅಂಗಿ ಬಿಡ್ರಿ.”