ಅಕ್ಕನ ಹೆಸರಿಗೆ ಹೋದ ನನ್ನ ಕೇಕು

ನಾನು ಚಿಕ್ಕವಳಿದ್ದಾಗ ತ್ಯಾವಣಿಗೆಯ ನಮ್ಮ ಮನೆಯಲ್ಲಿ ಓವನ್ ಎಂಬ ಮಾತನ್ನೇ ಯಾರೂ ಕೇಳಿರಲಿಲ್ಲ. ಕೇಕು ಅಂದರೆ ದಾವಣಗೆರೆ ಬೇಕರಿಯ ಗಾಜಿನ ಹಿಂದೆ ಕೂತಿರುವ ವಸ್ತು. ಅದನ್ನು ಮನೆಯಲ್ಲೇ ಬೇಯಿಸುತ್ತೇನೆಂದು ಹಟ ಹಿಡಿದವಳು ನಾನು. ಮೊಟ್ಟೆ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಹಾಗಾಗಿ ಮೈದಾ, ಸಕ್ಕರೆ, ಬೆಣ್ಣೆಗೆ ಹುಳಿಮೊಸರು, ಚಿಟಿಕೆ ಸೋಡಾ.

ಕಷ್ಟವೆಲ್ಲ ಕಾವಿನದು. ದಪ್ಪ ಪಾತ್ರೆಯಲ್ಲಿ ಮರಳು ಹಾಸಿ ಒಲೆಯ ಮೇಲಿಟ್ಟು, ಅದರೊಳಗೆ ಹಿಟ್ಟಿನ ಡಬರಿ ಕೂರಿಸಿ, ಮುಚ್ಚಳದ ಮೇಲೆ ಕೆಂಡ ಹರಡುತ್ತಿದ್ದೆ. ಮೊದಲ ಸಲ ಮೇಲೆಲ್ಲ ಕರಕಲು, ಒಳಗೆ ಅಂಬಲಿ. ಹೆದರಿ ಉರಿ ತಗ್ಗಿಸಿದರೆ ಒಣಗಿ ಬೆರಣಿಯಾಯಿತು. "ಎಮ್ಮೆನೂ ಮೂಸಲ್ಲ ಬಿಡು ಇದನ್ನ" ಎಂದು ಅಕ್ಕ ನಕ್ಕಳು.

ಅವ್ವ ರೊಟ್ಟಿ ಹಂಚಿನ ಮೇಲೆ ಚಿಟಿಕೆ ಹಿಟ್ಟು ಉದುರಿಸಿ ಕಾವು ನೋಡುತ್ತಿದ್ದಳು. ನಾನೂ ಮರಳಿನ ಮೇಲೆ ಉದುರಿಸಿದೆ. ಹಿಟ್ಟು ಕೂಡಲೇ ಕರಿದಾದರೆ ಕಟ್ಟಿಗೆ ಹಿಂದಕ್ಕೆ ಎಳೆಯಬೇಕು, ನಿಧಾನಕ್ಕೆ ಗೋಧಿ ಬಣ್ಣಕ್ಕೆ ತಿರುಗಿದರೆ ಡಬರಿ ಒಳಗಿಡಬೇಕು. ಬೆಣ್ಣೆಯ ಘಮ ಪಡಸಾಲೆ ಮುಟ್ಟುವ ತನಕ ಮುಚ್ಚಳ ತೆಗೆಯುವಂತಿಲ್ಲ. ಇದನ್ನೆಲ್ಲ ಅಕ್ಕನಿಗೂ ಹೇಳಿಕೊಟ್ಟಿದ್ದೆ.

ಅಕ್ಕನನ್ನು ನೋಡಲು ಹೊನ್ನಾಳಿಯಿಂದ ಗಂಡಿನ ಕಡೆಯವರು ಬರುವ ದಿನ ಅಪ್ಪನೇ ಕೇಕು ಮಾಡಲು ಹೇಳಿದರು. "ಇದು ನಮ್ಮ ಪುಟ್ಟಿ ಮಾಡಿದ್ದು ಅಂತ ಎಲ್ಲರ ಮುಂದೆ ನಾನೇ ಹೇಳ್ತೀನಿ" ಅಂದರು. ನಾನು ಒಲೆ ಬಿಟ್ಟು ಕದಲಲಿಲ್ಲ. ಹೊಗೆಗೆ ಕಣ್ಣು ಕೆಂಪಾದವು, ಆದರೆ ಮುಚ್ಚಳ ತೆಗೆದಾಗ ಕೇಕು ಜೇನಿನ ಬಣ್ಣಕ್ಕೆ ಉಬ್ಬಿ ಕೂತಿತ್ತು.

ಹೆಣ್ಣು ನೋಡುವ ದಿನ ಉಪ್ಪಿಟ್ಟು ಯಾರೇ ಮಾಡಿರಲಿ, ಹುಡುಗಿಯೇ ಮಾಡಿದ್ದು ಅನ್ನುವುದು ನಮ್ಮ ಕಡೆಯ ವಾಡಿಕೆ. ಕೇಕಿಗೂ ಅದೇ ಗತಿಯೆಂದು ನನಗೇನು ಗೊತ್ತು?

"ಭಾಳ ಮೆತ್ತಗೈತಲ್ರೀ, ಯಾರು ಮಾಡಿದ್ದು?" ಎಂದು ಹುಡುಗನ ತಾಯಿ ಕೇಳಿದರು. ಬಾಗಿಲ ಹಿಂದಿದ್ದ ನಾನು ಮುಂದೆ ಬಂದೆ. ಅಪ್ಪ ನನ್ನನ್ನು ನೋಡಿದರು. ನೋಡಿಯೇ ಹೇಳಿದರು, "ಎಲ್ಲಾ ನಮ್ಮ ದೊಡ್ಡ ಮಗಳ ಕೈರುಚಿ ಕಣ್ರೀ."

"ಕಾವು ಹೆಂಗೆ ತಿಳೀತೈತವ್ವಾ?" ಎಂದು ಆಕೆ ಅಕ್ಕನನ್ನು ಕೇಳಿದರು.

ಅಕ್ಕ ತಲೆ ತಗ್ಗಿಸಿ, "ಮರಳಿನ ಮ್ಯಾಲೆ ಚಿಟಿಕೆ ಹಿಟ್ಟು ಉದುರಿಸಿ ನೋಡಬೇಕ್ರೀ" ಅಂದಳು.

ಕೇಕು ಹೋದರೆ ಹೋಗಲಿ, ನನ್ನ ಮಾತನ್ನೂ ಕಿತ್ತುಕೊಂಡಳು. ನಂಬಿಸಿ ಕತ್ತು ಕೊಯ್ಯುವುದು ಅಂತಾರಲ್ಲ, ಅದು ಏನೆಂದು ಅವತ್ತು ತಿಳಿಯಿತು. ಸಂಜೆ ಅಪ್ಪ ಒಂದು ತುಂಡು ತಂದು, "ಮದುವೆ ವಿಷಯ, ತಿಳ್ಕಾಬೇಕು ಪುಟ್ಟಿ" ಅಂದರು. ನಾನು ಮುಟ್ಟಲಿಲ್ಲ. ಆ ಕೇಕಿನ ರುಚಿ ನನಗೆ ಇವತ್ತಿಗೂ ಗೊತ್ತಿಲ್ಲ.

ನಿಮಗೇನು ಮಕ್ಕಳೇ, ಗುಂಡಿಯನ್ನು ನೂರ ಎಂಬತ್ತು ಡಿಗ್ರಿಗೆ ತಿರುಗಿಸಿದರೆ ಆಯಿತು. ಹೊತ್ತಾದರೆ ಓವನ್ನೇ ಟಿಣ್ ಅನ್ನುತ್ತದೆ. ಕೇಕು ಆರುವ ಮೊದಲೇ ಅದರ ಫೋಟೋ ನ್ಯಾಮತಿ, ಜಗಳೂರಿನ ನೆಂಟರ ಫೋನು ಸೇರಿರುತ್ತದೆ. ಮೊನ್ನೆ ಫೋಟೋದ ಕೆಳಗೆ ನೀವು ಬರೆದದ್ದನ್ನು ಕನ್ನಡಕ ಹಾಕಿಕೊಂಡು ಓದಿದೆ: "ಹೊನ್ನಾಳಿ ದೊಡ್ಡಜ್ಜಿಯ ಕೇಕು". ನಿಮ್ಮ ತಪ್ಪಲ್ಲ, ಅಕ್ಕ ಹೊನ್ನಾಳಿಗೆ ಸೊಸೆಯಾಗಿ ಹೋದಾಗಿನಿಂದ ಮನೆಮಂದಿಯೆಲ್ಲ ಕರೆಯುವುದೇ ಹಾಗೆ. ಮುಂದಿನ ಸಲ ಮಾತ್ರ, ಅಪ್ಪ ಅವತ್ತು ಹೇಳದೆ ನುಂಗಿದ ಹೆಸರನ್ನು ಬರೆಯಿರಿ.