ಎರಡು ಸಲ ಹೊಸ ಯಾಕ್ರಿ?

ಅವರ ಬಲಗಿವಿಯ ಮೇಲೆ ಯಾವಾಗಲೂ ಒಂದು ಸಣ್ಣ ಟೆಸ್ಟರ್ ಇರುತ್ತಿತ್ತು, ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ. ಮಧ್ಯಾಹ್ನ ಎರಡೂವರೆಗೆ ಕ್ಲಾಸಿಗೆ ಬಂದವರೇ ಕೀಬೋರ್ಡುಗಳನ್ನು ಒಂದೊಂದಾಗಿ ಹಳೆ ಪೇಪರಿನ ಮೇಲೆ ಬೋರಲು ಹಾಕಿ, ಟೆಸ್ಟರಿನ ಹಿಡಿಯಿಂದ ಅವುಗಳ ಬೆನ್ನಿಗೆ ಟಕಟಕ ಬಡಿಯುತ್ತಿದ್ದರು. ಕೆಳಗೆ ಕುಂಕುಮದಂಥ ಗಣಿಧೂಳು ಉದುರುತ್ತಿತ್ತು.

"ನೋಡ್ರವ್ವಾ, ಸಂಡೂರು ಗುಡ್ಡ ಅರ್ಧ ಚೀನಾಕ್ಕ ಹೋತು, ಉಳಿದರ್ಧ ನಮ್ಮ ಕೀಬೋರ್ಡಿನಾಗ ಐತಿ" ಎಂದು ಪೇಪರನ್ನು ಪೊಟ್ಟಣ ಕಟ್ಟಿ ಬುಟ್ಟಿಗೆ ಹಾಕುತ್ತಿದ್ದರು.

ನಾವು ಅವರನ್ನು ಸರ್ ಎಂದಷ್ಟೇ ಕರೆಯುತ್ತಿದ್ದೆವು. ಹೈಸ್ಕೂಲಿನಲ್ಲಿ ಗಣಿತ ಹೇಳಿ, ಅವಧಿಗೆ ಮುಂಚೆಯೇ ಕೆಲಸ ಬಿಟ್ಟು, ಹೊಸಪೇಟೆಯ ಒಂದು ಬೇಕರಿಯ ಮೇಲಿನ ಕಂಪ್ಯೂಟರ್ ಕ್ಲಾಸಿಗೆ ಸೇರಿಕೊಂಡಿದ್ದರು. ಕಡ್ಡಿರಾಂಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಣಿ ಜೋರಾಗಿದ್ದ ಕಾಲ. ಬೆಳಿಗ್ಗೆ, ಸಂಜೆ ಹುಡುಗರ ನೂಕುನುಗ್ಗಲು. ಮಧ್ಯಾಹ್ನ ಮಾತ್ರ ಕೋಣೆ ಖಾಲಿ. ಆ ಹೊತ್ತಿಗೆ ಕನ್ನಡ ಮಾಧ್ಯಮದಲ್ಲಿ ಓದಿದ ಏಳು ಜನ ಹೆಂಗಸರನ್ನು ಸೇರಿಸಿ ಅವರು ಒಂದು ಬ್ಯಾಚ್ ಮಾಡಿದ್ದರು. ನಾನು ಕಂಪ್ಲಿಯವಳು, ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಮದುವೆಯಾಗಿ ಹೊಸಪೇಟೆಗೆ ಬಂದು, ಹತ್ತು ವರ್ಷದಿಂದ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಇಂಗ್ಲಿಷ್ ಸಾಲು ಬಂದರೆ ಆ ಕೆಲಸವನ್ನು ಬೇರೆಯವರಿಗೆ ದಾಟಿಸುತ್ತಿದ್ದೆ.

"ದಿನಾ ಮನ್ಯಾಗ 'ಮಳಿ ಬಂದ್ರ ಹಪ್ಪಳ ಒಳಗ ತರಬೇಕು' ಅಂತೀರಿ. ಅದಕ್ಕ ಇಂಗ್ಲಿಷಿನಾಗ ಇಫ್ ಅಂದಕೂಡ್ಲೆ ಯಾಕ ನಡುಗ್ತೀರಿ?" ಎಂದು ಬೈದವರು, ಒಂದು ವರ್ಷ ಕೂತು ನಮಗಾಗಿ ಕನ್ನಡದ್ದೇ ಒಂದು ಪ್ರೋಗ್ರಾಮಿಂಗ್ ಭಾಷೆ ಮಾಡಿದರು. ಅದರಲ್ಲಿ ಕೆಲವು ಮೀಸಲು ಪದಗಳಿದ್ದವು. 'ತೋರಿಸು' ಎಂದರೆ ಪರದೆಯ ಮೇಲೆ ತೋರಿಸಬೇಕು. 'ಹೊಸ' ಎಂದರೆ ಹೊಸ ಹೆಸರೊಂದನ್ನು ಹುಟ್ಟಿಸಬೇಕು. ಬಸ್ಸಿನಲ್ಲಿ ಹೆಂಗಸರ ಸೀಟು ಇದ್ದ ಹಾಗೆ, ಆ ಪದಗಳ ಜಾಗದಲ್ಲಿ ಬೇರೆಯವು ಕೂರುವಂತಿಲ್ಲ. ನಾವು ಬರೆದ ಸಾಲನ್ನು ಪದಪದವಾಗಿ ಬಿಡಿಸಿ, ಇದು ಮೀಸಲು ಪದ, ಇದು ಬರೀ ಹೆಸರು ಎಂದು ವಿಂಗಡಿಸುವ ಭಾಗಕ್ಕೆ ಲೆಕ್ಸರ್ ಎಂದು ಹೆಸರು. ಬಂಡ್ರಿಯಿಂದ ಬರುತ್ತಿದ್ದ ಅಕ್ಕ ಅದನ್ನು "ಮೆಂತೇಪಲ್ಲೆ ಬಿಡಿಸೋ ಸೊಸಿ" ಎಂದು ಕರೆದಳು. ಆ ಹೆಸರೇ ನಿಂತಿತು.

ತಪ್ಪಾದಾಗ ಬರುವ ಸೂಚನೆಗಳನ್ನೂ ಸರ್ ನಮ್ಮೂರ ಮಾತಿನಲ್ಲೇ ಬರೆದಿದ್ದರು. ಗುರುತಿಲ್ಲದ ಪದ ಬಂದರೆ "ಇದ್ಯಾರ್ರಿ? ಗೊತ್ತಿಲ್ಲ" ಎಂದು ಪರದೆ ಕೇಳುತ್ತಿತ್ತು.

ಇಷ್ಟು ಮಾಡಿದ ಮನುಷ್ಯನಿಗೆ ಒಂದು ದೊಡ್ಡ ಚಾಳಿ ಇತ್ತು. ಯಾರ ಮಾತನ್ನೂ ಕೊನೆವರೆಗೆ ಕೇಳುತ್ತಿರಲಿಲ್ಲ. ಬಾಯಿ ತೆರೆದರೆ ಸಾಕು, ಉತ್ತರ ಸಿದ್ಧ.

"ಸರ್ರ, ಈ ಮಾನಿಟರ್..."

"ಹಿಂದಿನ ವಯರ್ ಸಡಿಲ ಆಗೇತಿ, ಒತ್ರಿ."

"ಅಲ್ರಿ, ಮಾನಿಟರ್ ಮ್ಯಾಲೆ ನಿಮ್ಮ ಚಸ್ಮಾ ಬಿಟ್ಟೀರಿ ಅನ್ನಾಕ ಬಂದೆ."

ನಾವು ನಕ್ಕರೆ ಅವರೂ ನಗುತ್ತಿದ್ದರು. ಮರುಕ್ಷಣ ಇನ್ನೊಬ್ಬರ ಮಾತು ತುಂಡಾಗುತ್ತಿತ್ತು.

ಒಂದು ಸೋಮವಾರ ಕ್ಲಾಸಿನ ಮಾಲೀಕರು ಮೇಲೆ ಬಂದರು. ಮಧ್ಯಾಹ್ನದ ಕೋಣೆ ಇನ್ನು ಮುಂದೆ ಲಾರಿ ತೂಗುವ ವೇಬ್ರಿಜ್ ಆಪರೇಟರ್ ಕೋರ್ಸಿಗೆ ಬೇಕಂತೆ. ಸರ್ ವಾದಕ್ಕೆ ಇಳಿದರು. ಕೊನೆಗೆ ಒಂದು ಒಪ್ಪಂದವಾಯಿತು. ಮಾಲೀಕರ ಪರಿಚಯದ ಲಾರಿ ಸಾಹುಕಾರರೊಬ್ಬರಿಗೆ, ಯಾವ ಲಾರಿ ಎಲ್ಲಿಂದ ಎಲ್ಲಿಗೆ ಹೊರಟಿತು ಎಂಬ ಚೀಟಿ ಕನ್ನಡದಲ್ಲಿ ಬೇಕಾಗಿತ್ತು, ಡ್ರೈವರುಗಳು ಓದುವ ಹಾಗೆ. ಶನಿವಾರ ಅವರು ಬರುತ್ತಾರೆ. ನಾವು ಬರೆದ ಪ್ರೋಗ್ರಾಮು ಅವರಿಗೆ ಒಪ್ಪಿಗೆಯಾದರೆ ಬ್ಯಾಚ್ ಉಳಿಯುತ್ತದೆ, ಇಲ್ಲದಿದ್ದರೆ ಆ ದಿನವೇ ಮುಕ್ತಾಯ. ನನಗೆ ಆ ಕೋಣೆ ಬಿಟ್ಟರೆ ಕಲಿಯಲು ಬೇರೆ ಜಾಗ ಇರಲಿಲ್ಲ.

ಗುರುವಾರದವರೆಗೆ ಎಲ್ಲ ಸರಾಗವಾಗಿ ನಡೆಯಿತು. ಸಂಡೂರು, ಕಂಪ್ಲಿ, ಬಂಡ್ರಿ, ವಡ್ಡು ಎಂದು ಒಂದೊಂದೇ ಊರಿನ ಹೆಸರನ್ನು ಸೇರಿಸಿದೆವು. ಕೊನೆಗೆ ನಾನು 'ಹೊಸ ಹೊಸಪೇಟೆ' ಎಂದು ಟೈಪ್ ಮಾಡಿದೆ. ಪರದೆ ಕೇಳಿತು: "ಎರಡು ಸಲ ಹೊಸ ಯಾಕ್ರಿ?"

"ಸರ್ರ, ಇದು ಹೊಸಪೇಟೆ..."

"ಎರಡು ಸಲ ಹೊಡದೀರಿ, ಒಂದು ತೆಗೀರಿ."

ತೆಗೆದೆ. ಆಗ ಯಂತ್ರ 'ಪೇಟೆ' ಎಂಬ ಊರೊಂದನ್ನು ಹುಟ್ಟಿಸಿಕೊಂಡು ಸುಮ್ಮನೆ ಕೂತಿತು. ಚೀಟಿಯಲ್ಲಿ ಲಾರಿ ಸಂಡೂರಿನಿಂದ ಪೇಟೆಗೆ ಹೊರಟಿತ್ತು.

"ಯಾವ ಪ್ಯಾಟಿಗೆ ಹೊಂಟೈತಿ ಇದು, ಸಂತಿ ಮಾಡಾಕ?" ಎಂದಳು ಬಂಡ್ರಿಯ ಅಕ್ಕ.

ಸರ್ ಹತ್ತಿರ ಬಂದು ನೋಡಿ ನಾಲಿಗೆ ಕಚ್ಚಿಕೊಂಡರು. ಲೆಕ್ಸರ್ 'ಹೊಸ' ಎಂಬಷ್ಟನ್ನು ಕಂಡ ಕೂಡಲೇ ಮೀಸಲು ಪದ ಸಿಕ್ಕಿತೆಂದು ಕತ್ತರಿಸಿ ಹಾಕುತ್ತಿತ್ತು, ಮುಂದೆ 'ಪೇಟೆ' ಇದೆ ಎಂದು ನೋಡುತ್ತಲೇ ಇರಲಿಲ್ಲ. ಅವರು ಹತ್ತು ನಿಮಿಷ ಕೂತು, ಹೊಸಪೇಟೆ ಎಂದು ಬಂದರೆ ಮಾತ್ರ ಕತ್ತರಿಸಬೇಡ ಎಂದು ಒಂದು ಸಾಲು ಸೇರಿಸಿದರು. ಊರು ಸರಿಯಾಗಿ ಬಂತು.

"ಸರ್ರ, ಹಂಗಾದ್ರ ಹೊಸೂರು..."

"ಹೊಸೂರು ನಮ್ಮ ಪಟ್ಟಿಯಾಗ ಇಲ್ಲಲ್ರಿ. ಇದ್ದದ್ದು ಟೈಪ್ ಮಾಡ್ರಿ, ಒಳಗಿಂದು ನನಗ ಬಿಡ್ರಿ."

ನನಗೆ ಮುಖಕ್ಕೆ ಹೊಡೆದಂತಾಯಿತು. ಆದರೂ ತಪ್ಪು ನನ್ನದೇ ಇರಬೇಕು, ಇಷ್ಟು ಓದಿದವರಿಗೆ ತಿಳಿಯದೆ ಇರುತ್ತದೆಯೇ ಎಂದುಕೊಂಡು ಚೀಲ ತೆಗೆದುಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅವರು ನಮ್ಮ ಡಿಟಿಪಿ ಅಂಗಡಿಯ ಮುಂದೆ ನಿಂತಿದ್ದರು. ಕೈಯಲ್ಲಿ ಒಂದು ಮುದ್ರಿಸಿದ ಹಾಳೆ. ಅದರಲ್ಲಿ 'ಹೊಸ' ಒಂದು ಕಡೆ, ಇನ್ನೊಂದು ಕಡೆ ಚುಕ್ಕೆಚುಕ್ಕೆಯ ಒಂದು ಬಳೆ, ಆ ಬಳೆಗೆ ಅಕ್ಷರವಿಲ್ಲದ ಬರೀ ಕೊಂಬು ನೇತುಬಿದ್ದಿತ್ತು, ಪಕ್ಕದಲ್ಲಿ 'ರು'.

"ಹೊಸೂರು ಹಾಕಿದೆ. ರುಂಡ ಒಂದ್ಕಡಿ, ಮುಂಡ ಒಂದ್ಕಡಿ" ಎಂದರು. ಸ್ಟೂಲ್ ಎಳೆದುಕೊಂಡು ಕೂತರು. "ನಿನ್ನೆ ನೀವು ಏನೋ ಹೇಳಾಕತ್ತಿದ್ರಿ. ಹೇಳ್ರಿ."

ನಾನು ಹೇಳಲು ಶುರುಮಾಡಿ, ಅವರು ನಡುವೆ ಬಾಯಿ ಹಾಕುತ್ತಾರೆಂದು ಅಭ್ಯಾಸಬಲದಿಂದ ನಿಲ್ಲಿಸಿದೆ. ಅವರು ಮಾತಾಡಲಿಲ್ಲ. ಮತ್ತೆ ಶುರುಮಾಡಿದೆ. ಹೊಸಮನಿ ಎಂಬ ಮನೆತನದವರ ಲಗ್ನಪತ್ರಿಕೆಯ ಕಥೆ ಅದು. ಜಾಗ ಸಾಲದೆ 'ಹೊಸ' ಎಂಬುದನ್ನು ಒಂದು ಸಾಲಿನಲ್ಲೂ 'ಮನಿ'ಯನ್ನು ಕೆಳಗಿನ ಸಾಲಿನಲ್ಲೂ ಕೂರಿಸಿದ್ದೆ. ವರನ ತಂದೆ ಪತ್ರಿಕೆಯ ಕಟ್ಟನ್ನೇ ತಂದು ಎಸೆದಿದ್ದರು: "ಮಗನ ಲಗ್ನ ಮಾಡಾಕತ್ತೀವೋ, ಗೃಹಪ್ರವೇಶ ಮಾಡಾಕತ್ತೀವೋ?" ಆವತ್ತಿನಿಂದ ಕೈಬರಹದ ಪ್ರತಿಯಲ್ಲಿ ಪದ ಮುಗಿದು ಖಾಲಿ ಜಾಗ ಸಿಗುವವರೆಗೆ ಅದು ಏನೆಂದು ನಾನು ತೀರ್ಮಾನ ಮಾಡುವುದಿಲ್ಲ.

"ನಮ್ಮ ಮೆಂತೇಪಲ್ಲೆ ಸೊಸಿಗೂ ಅಷ್ಟ ಹೇಳಿದ್ರ ಸಾಕಲ್ರಿ ಸರ್ರ? ಖಾಲಿ ಜಾಗದ ತನಕ ಅಕ್ಷರ ಕೂಡಿಸ್ಕೊ, ಪದ ಮುಗೀಲಿ, ಆಮ್ಯಾಲೆ ಮೀಸಲು ಪಟ್ಟಿಯಾಗ ಐತೇನು ನೋಡು ಅಂತ. ಒಂದೊಂದು ಊರಿಗೆ ಒಂದೊಂದು ಸಾಲು ಬರಿಯಾಕ ಹೋದ್ರ ನಮ್ಮ ಸೀಮ್ಯಾಗ ಹೊಸಹಳ್ಳಿ ಎಷ್ಟ್ ಅದಾವು?"

ಅವರು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ, "ಸೊಸಿ ಯಾರ ಹಂಗ ನಡುವ ಕತ್ತರಿಸ್ತಾಳ ಅಂತ ಈಗ ಗೊತ್ತಾತು ಬಿಡ್ರಿ" ಎಂದು ನಕ್ಕರು. "ನಾಳೆ ಮುಂಜಾನೆ ಜಲ್ದಿ ಬರ್ರಿ. ನೀವ ತಿದ್ದಬೇಕು."

"ಅಯ್ಯ, ಬ್ಯಾಡ್ರಿ. ಅದರ ಒಳಗೆಲ್ಲ ಇಂಗ್ಲಿಷ್ ಐತಿ."

"ಇಂಗ್ಲಿಷ್ ನಾ ಓದತೀನಿ. ತಪ್ಪು ನೀವು ತಿದ್ರಿ."

ಶನಿವಾರ ಎಂಟು ಗಂಟೆಗೆ ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ನಿಂತು ಒಂದೊಂದು ಸಾಲಿನ ಅರ್ಥ ಹೇಳಿದರು. ಒಂದೊಂದು ಅಕ್ಷರ ಓದಿದಾಗಲೂ 'ಇದು ಮೀಸಲು ಪದವೇ?' ಎಂದು ಕೇಳುವ ಸಾಲುಗಳು, ಮತ್ತೆ ಮತ್ತೆ ನಡೆಯುವ ಲೂಪಿನ ಒಳಗಿದ್ದವು. ಅವನ್ನು ಎತ್ತಿ, ಪದ ಮುಗಿದ ಮೇಲೆ ಒಂದೇ ಸಲ ಕೇಳುವ ಹಾಗೆ ಕೆಳಗೆ ಇಟ್ಟೆ. ಹೊಸಪೇಟೆಗೆಂದು ಅವರು ಸೇರಿಸಿದ್ದ ಸಾಲನ್ನು ಅಳಿಸಲು ಕೈ ಬರಲಿಲ್ಲ. "ಅಳಸ್ರಿ, ಅಳಸ್ರಿ. ನನ್ನದಂತ ಇಟ್ಕೋಬ್ಯಾಡ್ರಿ" ಎಂದರು.

ಸಾಹುಕಾರರು ಊಟದ ಹೊತ್ತಿಗೆ ಬಂದರು, ಎಲೆ ಅಡಿಕೆ ಮೆಲ್ಲುತ್ತ. ಸಂಡೂರಿನಿಂದ ಹೊಸಪೇಟೆಗೆ ಚೀಟಿ ತೆಗೆದು ತೋರಿಸಿದೆವು. ಅವರು ತಲೆಯಾಡಿಸಿ, "ಇದೆಲ್ಲ ನೀವು ಮೊದ್ಲ ಮಾಡಿ ಇಟ್ಟೀರಿ. ನಮ್ಮೂರು ಹಾಕ್ರಿ ನೋಡಾನ. ಹೊಸೂರು" ಎಂದರು.

ಬಂಡ್ರಿಯ ಅಕ್ಕ ನನ್ನ ತೊಡೆ ಚಿವುಟಿದಳು. ನಾನು ಟೈಪ್ ಮಾಡಿದೆ. ಚೀಟಿ ಬಂತು. ಹೊಸೂರು ಇಡಿಯಾಗಿತ್ತು.

"ಭಾಳ ಚಲೋ ಐತಿ" ಎಂದ ಸಾಹುಕಾರರು ಸರ್ ಕಡೆ ತಿರುಗಿ, "ಮಸ್ತ್ ಮಾಡೀರಿ ಮಾಸ್ತರ್ರ" ಎಂದರು.

"ಗುರುವಾರ ನಾ ಮಾಡಿದ್ದು ಹಂಗ ಬಿಟ್ಟಿದ್ರ ನಿಮ್ಮೂರು ಎರಡು ತುಂಡು ಆಗ್ತಿತ್ತು ಯಜಮಾನ್ರ" ಎಂದರು ಸರ್. "ತಪ್ಪು ಹಿಡಿದವರೂ ಇವರ, ತಿದ್ದಿದವರೂ ಇವರ. ಮೊದಲ ಸಲ ಹೇಳಿದಾಗ ನಾ ಕೇಳಲಿಲ್ಲ."

ಮಾಲೀಕರ ಮುಂದೆ, ಏಳು ಜನ ವಿದ್ಯಾರ್ಥಿನಿಯರ ಮುಂದೆ ಅವರು ಆ ಮಾತು ಹೇಳಿದರು. ಹೇಳಿ ಎಂದು ಯಾರೂ ಕೇಳಿರಲಿಲ್ಲ, ಹೇಳದಿದ್ದರೂ ನಡೆಯುತ್ತಿತ್ತು. ಬ್ಯಾಚ್ ಉಳಿಯಿತು. ಮುಂದಿನ ತಿಂಗಳು ನಾನು ಸಾಹುಕಾರರ ಆಫೀಸಿಗೆ ಸೇರಿದೆ. ಗಣಿಗಳು ನಿಂತು ಆ ಆಫೀಸು ಮುಚ್ಚಿದ ಮೇಲೂ ನನಗೆ ಕಂಪ್ಯೂಟರಿನ ಕೆಲಸ ತಪ್ಪಲಿಲ್ಲ. ಇಂದಿಗೂ ಅದೇ ನನ್ನ ಅನ್ನ.

ಸರ್ ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ಒಂದು ಭಾನುವಾರ ಕಡ್ಡಿರಾಂಪುರಕ್ಕೆ ಹೋದೆ. ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ನಾನು ಯಾರೆಂದು ಹೇಳಿ, ಅವರು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ನನ್ನ ಮಾತು ಪೂರ್ತಿ ಕೇಳಿದ್ದನ್ನು ಹೇಳಿದೆ. ಆಕೆ ನನ್ನನ್ನೇ ದಿಟ್ಟಿಸಿದರು.

"ಪೂರ್ತಿ ಕೇಳಿದ್ರಾ? ಖರೇ?"

"ಖರೇನ್ರಿ ಅಮ್ಮಾ."

"ನಲವತ್ತು ವರ್ಷ ಸಂಸಾರ ಮಾಡೀನವ್ವಾ. ನಾ ನೀರು ಅನ್ನೂದ್ರಾಗ ತಂಬಿಗಿ ತುಂಬಿ ತಂದು ಇಡೋರು. ನಾ ಹೇಳಾಕ ಹೊಂಟಿದ್ದು ನಳದಾಗ ನೀರು ಬಂದು ನಿಂತು ಹೋತು ಅಂತ." ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು, ನಗುತ್ತಲೇ ಕಣ್ಣು ತುಂಬಿದವು. "ಎಷ್ಟೊತ್ತು ಕುಂತಿದ್ರು?"

"ಹತ್ತು ನಿಮಿಷ ಇರಬೇಕ್ರಿ."

"ಹತ್ತು ನಿಮಿಷ!" ಎಂದರು ಆಕೆ.

ಸಂಜೆಯ ಬಸ್ಸು ಬಂದು ಹಾರ್ನ್ ಹೊಡೆಯಿತು. ನಾನು ಏಳಲಿಲ್ಲ. ಆಕೆ ಹೇಳತೊಡಗಿದ್ದರು, ನಾನು ಕೇಳುತ್ತ ಕೂತೆ.